ಧೂಳೂ ಈಗ 4ಕೆ

ಮನೆಗೆ ದೊಡ್ಡ ಟೀವಿ ಬಂದ ಮೇಲೆ ನನಗೊಂದು ಚಟ ಹತ್ತಿದೆ. ಹಿಂದೆ ನೋಡಿ ಆಕಳಿಸಿದ್ದ ಸಿನಿಮಾಗಳನ್ನೇ ಮತ್ತೆ ತಂದು, ಈ ಸಲ ಜಾಸ್ತಿ ದುಡ್ಡು ಕೊಟ್ಟು, ಸ್ಪಷ್ಟವಾಗಿ ಆಕಳಿಸುವುದು. ಮೊನ್ನೆಯ ಸರದಿ 1979ರ ಬಾಹ್ಯಾಕಾಶದ ಸಿನಿಮಾ ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’. ಇದನ್ನು ‘ಮೋಷನ್‌ಲೆಸ್ ಪಿಕ್ಚರ್’ ಅಂತ ಆಡಿಕೊಂಡವರೂ ಅಭಿಮಾನಿಗಳೇ, ಪ್ರತಿ ಸಲ ಕ್ಯೂ ನಿಂತು ಕೊಂಡವರೂ ಅವರೇ.

ಪಾಪ, ಅದು ಗಡಿಬಿಡಿಯ ಅಡುಗೆ. ಡಿಸೆಂಬರ್ 7ಕ್ಕೆ ಎಲೆ ಹಾಕುತ್ತೇವೆ ಅಂತ ಥಿಯೇಟರ್‌ಗಳಿಗೆ ಮಾತು ಕೊಟ್ಟಾಗಿತ್ತು. ಎಫೆಕ್ಟ್ಸ್, ಅಂದರೆ ಕೈಚಳಕದ ದೃಶ್ಯಗಳ ಕೆಲಸದ ಮೊದಲ ತಂಡವನ್ನು ನಡುವೆಯೇ ಬಿಡಿಸಿ, ಡಗ್ಲಸ್ ಟ್ರಂಬಲ್ ಅವರನ್ನು ಕರೆತಂದರು. 4 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ನಿರ್ದೇಶಕ ರಾಬರ್ಟ್ ವೈಸ್‌ಗೆ ಕೂತು ಕತ್ತರಿ ಹಾಕಲೂ ಪುರುಸೊತ್ತು ಸಿಗಲಿಲ್ಲ.

ಆಮೇಲೆ ರಿಪೇರಿ ಶುರುವಾಯಿತು. 1983ರಲ್ಲಿ ಅಮೆರಿಕದ ಟೀವಿಗೆ ಅಂತ ಇನ್ನೂ ಉದ್ದ ಮಾಡಿದರು. (ಉದ್ದ ಸಾಲದು ಅಂತ ದೂರು ಕೊಟ್ಟ ಪುಣ್ಯಾತ್ಮ ಯಾರೋ!) ಅದರಲ್ಲಿ ನಾಯಕ ಕ್ಯಾಪ್ಟನ್ ಕರ್ಕ್ ತನ್ನ ಅಂತರಿಕ್ಷ ಹಡಗಿನಿಂದ ಬಾಹ್ಯಾಕಾಶಕ್ಕೆ ತೇಲುವಾಗ ಸುತ್ತ ನಕ್ಷತ್ರಗಳ ಬದಲು ಸ್ಟುಡಿಯೋದ ಅಟ್ಟಣಿಗೆ ಕಾಣುತ್ತಿತ್ತು. 2001ರಲ್ಲಿ ವೈಸ್ ತಾವೇ ತಿದ್ದಿ ಡಿವಿಡಿ ತಂದರು. ಆದರೆ ಹೊಸ ಎಫೆಕ್ಟ್ಸ್ ಮಾಡಿದ್ದು ಡಿವಿಡಿಯ ಅಳತೆಗಷ್ಟೇ. ಹಾಗಾಗಿ 2009ರಲ್ಲಿ, ಡಿವಿಡಿಗಿಂತ ಸ್ಪಷ್ಟವಾದ ಬ್ಲೂ-ರೇ ಡಿಸ್ಕ್‌ನಲ್ಲಿ ಮತ್ತೆ ತಿದ್ದದ ಸಿನಿಮಾವೇ ಬಂತು! ಕೊನೆಗೆ 2022ರಲ್ಲಿ, ತಿದ್ದಿದ್ದನ್ನೇ ಮತ್ತೆ ತಿದ್ದಿ, ಅದಕ್ಕಿಂತಲೂ ಸ್ಪಷ್ಟವಾದ 4ಕೆ ಮಾಡಿದರು. ಅದನ್ನು ನೋಡಲು ವೈಸ್ ಇರಲಿಲ್ಲ. 2005ರಲ್ಲೇ ತೀರಿಕೊಂಡಿದ್ದರು.

ನಾನು ಡಿಸ್ಕ್ ಹಾಕಿದೆ. ಅಮ್ಮನೂ ಬಂದು ಕೂತರು. ಹಡಗಿಗೆ ಹೋಗಬೇಕಾದ ಕರ್ಕ್‌ಗೆ ಮಾಯವಾಗಿ ಪ್ರತ್ಯಕ್ಷವಾಗುವ ಯಂತ್ರ ಕೆಟ್ಟಿದೆ. ಸರಿ, ಸಣ್ಣ ಡಬ್ಬಿಯಂಥ ವಾಹನದಲ್ಲಿ ಹೊರಟ. ನೇರ ಹೋಗಬಹುದಲ್ವಾ? ಇಲ್ಲ. ಪ್ರದಕ್ಷಿಣೆ. ಮುಂದಿನಿಂದ, ಕೆಳಗಿನಿಂದ, ಪಕ್ಕದಿಂದ. ಹಡಗಿನ ಒಂದೊಂದು ಹಲಗೆಯ ಸಂದೂ ಕಾಣುತ್ತದೆ. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ಮಾತ್ರ ಸೊಗಸು, ಅದಕ್ಕೆ ಸುಳ್ಳು ಹೇಳಬಾರದು. ಕರ್ಕ್‌ನ ಕಣ್ಣಲ್ಲಿ ಭಕ್ತಿ. ತೇರಿಗೆ ದವನ ಸಿಕ್ಕಿಸಿದ ಬಾಳೆಹಣ್ಣು ಎಸೆಯುವುದೊಂದೇ ಬಾಕಿ. ಅಮ್ಮ ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದರು. ತೇರು ಇನ್ನೂ ನೆಲೆ ಸೇರಿರಲಿಲ್ಲ.

ಮಿಕ್ಕಿದ್ದೆಲ್ಲ ಮೋಡ, ಮೋಡದೊಳಗೆ ಮೋಡ, ಅದನ್ನು ಬಾಯಿ ಬಿಟ್ಟು ನೋಡುವ, ಪೈಜಾಮದಂಥ ಸಮವಸ್ತ್ರದ ಹಡಗಿನವರು. ನಮ್ಮ ಮುಂಬೈಯ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ, ಈ ಸಿನಿಮಾಗೋಸ್ಕರ ತಲೆ ಬೋಳಿಸಿಕೊಂಡವರು. ಕೊಟ್ಟ ದುಡ್ಡಿಗೆ ತಕ್ಕ ನುಣುಪು ಕಂಡಿದ್ದು ಅಲ್ಲೊಂದೇ ಕಡೆ.

ಕೊನೆಗೆ ಮೋಡದ ಹೊಟ್ಟೆಯಲ್ಲಿ ಭೂಮಿಯನ್ನೇ ನಡುಗಿಸಿದ ‘ವೀಜರ್’ ಎಂಬ ಯಂತ್ರ ಸಿಗುತ್ತದೆ. ಕರ್ಕ್ ಹೋಗಿ ಅದರ ಹೆಸರಿನ ಫಲಕದ ಮಸಿ ಉಜ್ಜುತ್ತಾನೆ. ನಡುವೆ ಮುಚ್ಚಿದ್ದ ಅಕ್ಷರಗಳು ಕಾಣುತ್ತವೆ: ವಾಯೇಜರ್ 6. ನಾಸಾ 1977ರಲ್ಲಿ ನಿಜವಾಗಿ ಕಳಿಸಿದ್ದು ಎರಡೇ ವಾಯೇಜರ್ ನೌಕೆ. ಅದು ಹೋಗಲಿ. ಬ್ರಹ್ಮಾಂಡದ ಜ್ಞಾನವನ್ನೆಲ್ಲ ಅರೆದು ಕುಡಿದ ಯಂತ್ರಕ್ಕೆ ತನ್ನ ಬೋರ್ಡು ಒರೆಸಿಕೊಳ್ಳುವುದು ಹೊಳೆಯಲಿಲ್ಲ! 4ಕೆಯಲ್ಲಿ ಆ ಮಸಿಯ ಕಣಕಣವೂ ಎಣಿಸುವಷ್ಟು ಸ್ಪಷ್ಟ.

ಅಮ್ಮ ಖಾಲಿ ಲೋಟ ಎತ್ತಿಕೊಂಡು ಎದ್ದರು. “ಇದನ್ನ ಮೊದಲೇ ಯಾರಾದ್ರೂ ಒರೆಸಿದ್ರೆ ನಾವು ಒಂಬತ್ತೂವರೆಗೇ ಮಲಗಬಹುದಿತ್ತು, ಅಲ್ವಾ?”