ಈ ಕಮಾನುಗಳಿಗೆ ಒಬ್ಬ ಚಿತ್ರಕಾರ ಬೇಕು

ಮೈಸೂರಿನಲ್ಲಿ ಚಿತ್ರಪ್ರದರ್ಶನ ಎಂದರೆ ಅಲ್ಲಿ ಅರಮನೆ ಇದ್ದೇ ಇರುತ್ತದೆ. ದೀಪ ಹಚ್ಚಿದ ಅರಮನೆ, ಮಳೆಯಲ್ಲಿ ತೊಯ್ದ ಅರಮನೆ, ಮುಂದೆ ಟಾಂಗಾ ನಿಂತ ಅರಮನೆ. ಆ ಜಲವರ್ಣದ ಕೈಚಳಕಕ್ಕೆ ಕೈಮುಗಿಯುತ್ತೇನೆ. ಆದರೆ ಇಷ್ಟೊಂದು ಕಮಾನು, ಗೋಪುರ, ಗಡಿಯಾರಗಳಿರುವ ಊರಿನ ಕಲಾವಿದರು ಕಟ್ಟಡವನ್ನು ಕಣ್ಣಿಗೆ ಕಂಡಷ್ಟೇ ಬರೆದು ಸುಮ್ಮನಾಗುತ್ತಾರಲ್ಲ, ಅದು ನನಗೆ ಸಂಕಟ.

ಇಟಲಿಯ ಚಿತ್ರಕಾರ ಜಾರ್ಜಿಯೊ ಡಿ ಕಿರಿಕೊನನ್ನು ನೋಡಿ. ಟ್ಯೂರಿನ್ ನಗರದ ಚೌಕಗಳೂ ಕಮಾನುಸಾಲುಗಳೂ ಅವನ ತಲೆ ಹೊಕ್ಕು ಕುಳಿತಿದ್ದವು. 1914ರಲ್ಲಿ ಅವನು ಬರೆದ ಬೀದಿಯೊಂದರ ಚಿತ್ರವಿದೆ. ಎಡಕ್ಕೆ ಬಿಸಿಲು ಬಡಿದ ಬಿಳಿಯ ಕಮಾನುಸಾಲು, ಬಲಕ್ಕೆ ಕತ್ತಲಲ್ಲಿ ಮುಳುಗಿದ ಕಟ್ಟಡ, ಅದರ ಪಕ್ಕ ಬಾಗಿಲು ತೆರೆದು ನಿಂತ ಖಾಲಿ ಬಂಡಿ. ಪುಟ್ಟ ಹುಡುಗಿಯೊಬ್ಬಳು ಚಕ್ರ ಉರುಳಿಸುತ್ತಾ ಓಡುತ್ತಿದ್ದಾಳೆ. ಮೂಲೆಯಾಚೆಯಿಂದ ಯಾರದೋ ಉದ್ದನೆಯ ನೆರಳು ಚಾಚಿದೆ, ಆಳು ಮಾತ್ರ ಕಾಣುವುದಿಲ್ಲ. ಭೂತವಿಲ್ಲ, ನೆತ್ತರಿಲ್ಲ, ಆದರೂ ಎದೆ ಝಲ್ಲೆನ್ನುತ್ತದೆ. ಗುಟ್ಟು ಗೆರೆಗಳಲ್ಲಿದೆ: ಎರಡು ಕಟ್ಟಡಗಳ ಗೆರೆಗಳು ದೂರದಲ್ಲಿ ಒಂದೇ ಬಿಂದುವಿಗೆ ಸೇರುವುದಿಲ್ಲ. ನೋಡುವವನಿಗೆ ಕಾಲೂರಲು ನೆಲವೇ ಸಿಗುವುದಿಲ್ಲ. ಕನಸು, ಸುಪ್ತಮನಸ್ಸುಗಳನ್ನು ಕಲೆಗೆ ತಂದ ಸರ್ರಿಯಲಿಸಂ ಪಂಥದ ಪ್ರಣಾಳಿಕೆಯನ್ನು ಫ್ರೆಂಚ್ ಲೇಖಕ ಬ್ರೆಟನ್ ಹೊರಡಿಸಿದ್ದು 1924ರಲ್ಲಿ, ಅಂದರೆ ಇದಾಗಿ ಹತ್ತು ವರ್ಷಕ್ಕೆ. ಆ ಪಂಥದ ಹೆಸರಾಂತ ಚಿತ್ರಕಾರ ಮ್ಯಾಗ್ರಿಟ್‌ಗೆ ದಾರಿ ತೋರಿದ್ದೂ ಕಿರಿಕೊನ ಚಿತ್ರವೇ.

ಇನ್ನು ನಮ್ಮ ಲ್ಯಾನ್ಸ್‌ಡೌನ್ ಕಟ್ಟಡ. ಹಳೆಯ ಪುಸ್ತಕದಂಗಡಿಗಳಿಂದ ಗಿಜಿಗುಡುತ್ತಿದ್ದ ಸಾಲು ಅದು. 2012ರಲ್ಲಿ ಒಂದು ಭಾಗ ಕುಸಿದು ಜೀವಗಳು ಹೋದ ಮೇಲೆ ಅಂಗಡಿಗಳು ಖಾಲಿಯಾದವು. ಇಳಿಹೊತ್ತಿನಲ್ಲಿ ಎದುರು ನಿಂತರೆ ಒಂದೊಂದು ಕಮಾನಿನೊಳಗೂ ಒಂದೊಂದು ಬಗೆಯ ಕತ್ತಲೆ, ಗಾರೆ ಉದುರಿದಲ್ಲಿ ಬೇರು ಬಿಟ್ಟ ಅರಳಿ ಸಸಿ. ಕೆಲವೇ ಹೆಜ್ಜೆ ಆಚೆ ಆಟೋ, ಬಸ್ಸು, ಹೂವಿನ ಗದ್ದಲ. ಟ್ಯೂರಿನ್‌ನಲ್ಲಿ ಕಿರಿಕೊ ಕಂಡದ್ದಕ್ಕಿಂತ ಇದು ಯಾವುದರಲ್ಲಿ ಕಡಿಮೆ?

ಬೀಳುವ ಕಟ್ಟಡಕ್ಕೆ ದುರಸ್ತಿ ಬೇಕು, ಚಿತ್ರವಲ್ಲ ಎನ್ನುವವರಿದ್ದಾರೆ. ದುರಸ್ತಿ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಜಿನಿಯರ್ ನಕ್ಷೆಯಲ್ಲಿ ಗೋಡೆಯ ಅಳತೆ ಸಿಗುತ್ತದೆ. ಆ ಗೋಡೆ ನಮ್ಮ ಮನಸ್ಸಿನಲ್ಲಿ ಏನಾಗಿದೆ ಎಂಬುದು ಸಿಗುವುದಿಲ್ಲ.

ಕಟ್ಟಡವನ್ನು ಕಣ್ಣಿಗೆ ಕಂಡಂತಲ್ಲದೆ ಹೀಗೆ ಬರೆಯುವುದು ಪರದೇಶಿ ಚಾಳಿ ಎನ್ನುವ ಆಕ್ಷೇಪವನ್ನಂತೂ ನಾನು ಒಪ್ಪುವುದಿಲ್ಲ. ಚಿನ್ನದ ರೇಕು ಅಂಟಿಸಿ ದೇವರ ಮಂಟಪ ಬರೆದ ನಮ್ಮ ಸಾಂಪ್ರದಾಯಿಕ ಚಿತ್ರಕಾರರೇನು ಗೆರೆಗಳೆಲ್ಲ ದೂರದ ಒಂದೇ ಬಿಂದುವಿಗೆ ಸೇರಬೇಕೆನ್ನುವ ಏಕಬಿಂದು ಪರ್ಸ್ಪೆಕ್ಟಿವ್‌ಗೆ ಕಟ್ಟುಬಿದ್ದಿದ್ದರೇ? ಭಕ್ತಿಗೆ ತಕ್ಕಂತೆ ಕಂಬವನ್ನು ನಿಲ್ಲಿಸಿದರು, ದೇವರ ಮುಂದೆ ಆನೆಯನ್ನೂ ಚಿಕ್ಕದಾಗಿಸಿದರು.

ನಮ್ಮೂರ ಕಲಾ ಕಾಲೇಜು ಕಾವಾದ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ವಿದ್ಯಾರ್ಥಿಗಳೇ, ಮುಂದಿನ ಪ್ರದರ್ಶನಕ್ಕೆ ಅರಮನೆಯನ್ನು ಬಿಟ್ಟು ಈ ಕಮಾನುಗಳನ್ನು ಬರೆಯಿರಿ. ಗೆರೆ ತಪ್ಪಿದರೂ ಚಿಂತೆಯಿಲ್ಲ, ಬೇಕೆಂದೇ ತಪ್ಪಿಸಿ. ಪ್ರದರ್ಶನದ ದಿನ ಇಲ್ಲಿ ತಿಳಿಸಿ, ಖಂಡಿತ ಬರುತ್ತೇನೆ.