ಮೇಷ್ಟ್ರ ಬೇಸಿಗೆ ರಜೆ ಯಾರಿಗೆ ಸೇರಿದ್ದು?

ಅಮೆರಿಕದ ಮಿಶಿಗನ್‌ನಲ್ಲಿ ಆಗಸ್ಟ್ ಕೊನೇ ವಾರ ಬಂತು ಅಂದ್ರೆ ನಮ್ಮಂಥ ಮೇಷ್ಟ್ರುಗಳಿಗೆ ಎಲ್ಲಾ ಒಟ್ಟಿಗೇ ವಕ್ಕರಿಸುತ್ತೆ. ಶಾಲೆ ತೆಗೆಯೋದ್ರೊಳಗೆ ಎಲ್ಲಾದ್ರೂ ಹೋಗ್ಬರೋಣ ಅಂತ ಮನೇಲಿ ಮಕ್ಕಳ ಗಲಾಟೆ, ಅಷ್ಟ್ರಲ್ಲಿ ಹೈಸ್ಕೂಲ್ ಫುಟ್‌ಬಾಲ್ ಶುರು, ಎಲೆಕ್ಷನ್ ವರ್ಷ ಆದ್ರೆ ಬೀದಿ ತುಂಬಾ ಮನೆ ಮುಂದಿನ ಹುಲ್ಲಲ್ಲಿ ಕ್ಯಾಂಡಿಡೇಟುಗಳ ಬೋರ್ಡು. ನಾನು ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ ಹೈಸ್ಕೂಲಿಗೆ ಮ್ಯಾಥ್ಸ್ ಹೇಳ್ಕೊಡ್ತೀನಿ, ನಮ್ಮಕ್ಕ ತಿಪಟೂರು ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಟೀಚರ್. ಊರಿಗೆ ಹೋದಾಗೆಲ್ಲಾ "ಮೇಷ್ಟ್ರಿಗೇನಪ್ಪಾ, ಎರಡು ತಿಂಗಳು ರಜಾ" ಅನ್ನೋ ಮಾತು ಕಿವಿಗೆ ಬೀಳುತ್ತೆ, ಇಲ್ಲೂ ಜನ ಅದನ್ನೇ ಅಂತಾರೆ. ಎರಡು ಕಡೆನೂ ಅದು ತಪ್ಪು, ಆದ್ರೆ ತಪ್ಪಾಗೋ ಕಾರಣ ಬೇರೆ ಬೇರೆ, ಅದನ್ನ ಹೇಳೋಕೇ ಇದನ್ನ ಬರೀತಿದ್ದೀನಿ.

ಮೊದ್ಲು ಇಲ್ಲಿಂದು ಹೇಳ್ತೀನಿ. ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ, ಅದು ಮುಗಿಯೋವರೆಗೂ ಸರ್ಕಾರಿ ಶಾಲೆ ಶುರು ಮಾಡಂಗಿಲ್ಲ ಅಂತ ಮಿಶಿಗನ್‌ನಲ್ಲಿ 2005ರಲ್ಲಿ ಕಾನೂನು ಮಾಡಿದ್ರು. ಟೂರಿಸಂ ಉದ್ಯಮದವರ ಒತ್ತಾಯ ಅದು, ಆಗಸ್ಟ್ ಕೊನೇಲಿ ಜನ ಸಂಸಾರ ಸಮೇತ ಲೇಕ್ ಕಡೆ ಹೊರಟ್ರೆ ಹೋಟೆಲ್, ಅಂಗಡಿ ಎಲ್ಲಾ ನಡೆಯುತ್ತೆ. ಈಗ ಎಷ್ಟೋ ಕಡೆ ವಿನಾಯಿತಿ ತಗೊಂಡು ಆಗಸ್ಟಲ್ಲೇ ಶಾಲೆ ತೆಗೀತಾರೆ, ನಮ್ಮದು ಇನ್ನೂ ಹಳೇ ಲೆಕ್ಕ. ಹಾಗಾಗಿ ಆ ಕೊನೇ ದಿನಗಳಲ್ಲಿ ನಾವು ಸ್ಲೀಪಿಂಗ್ ಬೇರ್ ಡ್ಯೂನ್ಸ್ ಕಡೆ ಹೋಗ್ತೀವಿ. ಲೇಕ್ ಮಿಶಿಗನ್ ದಡದಲ್ಲಿ ಎತ್ತರದ ಮರಳು ಗುಡ್ಡಗಳು, ಮಕ್ಕಳು ಹತ್ತೋದು ಉರುಳೋದು ಹತ್ತೋದು ಉರುಳೋದು, ಆ ಕಡೆ ನೋಡಿದ್ರೆ ಮಲ್ಪೇಲಿ ನಿಂತಂಗೆ ನೀರೇ ನೀರು, ಬಾಯಿಗೆ ಹಾಕ್ಕೊಂಡ್ರೆ ಮಾತ್ರ ಉಪ್ಪಿಲ್ಲ. ಇನ್ನೊಂದು ಮ್ಯಾಕಿನಾ ಸೇತುವೆ ನಡಿಗೆ. 1957ರಲ್ಲಿ ಓಪನ್ ಆದ ಸೇತುವೆ, ಸುಮಾರು 8 ಕಿಲೋಮೀಟರ್ ಉದ್ದ, ಲೇಬರ್ ಡೇ ಬೆಳಿಗ್ಗೆ ಗಾಡಿ ನಿಲ್ಲಿಸಿ ಜನರನ್ನ ನಡೆಯೋಕೆ ಬಿಡ್ತಾರೆ. ರಾಜ್ಯದ ಗವರ್ನರ್ ನಡೆಯೋದು ಅಲ್ಲಿ ಹಳೇ ಸಂಪ್ರದಾಯ, ಕಾರ್ ಫ್ಯಾಕ್ಟರಿಯೋರು, ನರ್ಸುಗಳು, ಮೇಷ್ಟ್ರುಗಳು, ಸ್ಟ್ರಾಲರಲ್ಲಿ ಮಗು ತಳ್ಕೊಂಡು ಬಂದೋರು, ಎಲ್ಲಾ ಒಂದೇ ರಸ್ತೇಲಿ. ಮಾರನೇ ದಿನ ಶಾಲೆ. ಕಾಲು ನೋವು ಇಟ್ಕೊಂಡೇ ಮೊದಲ ಪೀರಿಯಡ್‌ಗೆ ನಿಂತ್ಕೊಳ್ಳೋದು ನನಗೆ ಬಹಳ ಇಷ್ಟ. (ಇಲ್ಲಿಯ ಕನ್ನಡ ಕೂಟಗಳ ಒಕ್ಕೂಟ "ಅಕ್ಕ" ನಡೆಸೋ ಸಮ್ಮೇಳನಗಳೂ ಈ ಲೇಬರ್ ಡೇ ವೀಕೆಂಡಲ್ಲೇ ಬರ್ತವೆ, ಮೇಷ್ಟ್ರು ಕೆಲಸದಲ್ಲಿರೋ ಕನ್ನಡಿಗರಿಗೆ ಅದು ನಿಜವಾಗ್ಲೂ ಕಷ್ಟ, ಆಯೋಜಕರು ಯೋಚನೆ ಮಾಡ್ಬೇಕು.)

ಇದನ್ನ ಕೇಳಿ ಎಷ್ಟು ಚೆಂದ ಅನ್ನಿಸ್ಬಹುದು, ಚೆಂದಾನೇ, ಆದ್ರೆ ಈ ರಜೆಗೆ ಸಂಬಳ ಇಲ್ಲ. ನಮ್ಮ ಕರಾರು ಶಾಲೆ ನಡೆಯೋ ತಿಂಗಳುಗಳಿಗೆ ಮಾತ್ರ, ಆ ದುಡ್ಡನ್ನ 21 ಕಂತಲ್ಲಿ ತಗೊಳ್ತೀರೋ 26 ಕಂತಲ್ಲೋ ಅಂತ ಕೇಳ್ತಾರೆ, 26 ಅಂದ್ರೆ ನಮ್ಮದೇ ದುಡ್ಡು ಬೇಸಿಗೆವರೆಗೂ ಎಳ್ಕೊಂಡು ಬರುತ್ತೆ ಅಷ್ಟೇ. ನನ್ನ ಜೊತೆಯೋರು ಬೇಸಿಗೇಲಿ ಮನೆಗಳಿಗೆ ಪೇಂಟ್ ಹೊಡೀತಾರೆ, ಸಮ್ಮರ್ ಕ್ಯಾಂಪಲ್ಲಿ ಕೆಲಸ ಮಾಡ್ತಾರೆ. ಆಗಸ್ಟ್ ಕೊನೇಲಿ ಕ್ಲಾಸಿಗೆ ಬೇಕಾದ ಪೆನ್ಸಿಲ್, ನೋಟ್‌ಬುಕ್, ಟಿಶ್ಯೂ ಡಬ್ಬ ಎಲ್ಲಾ ಕೈಯಿಂದ ದುಡ್ಡು ಹಾಕಿ ತರ್ತಾರೆ. ಅದಕ್ಕೆ ಇನ್‌ಕಮ್ ಟ್ಯಾಕ್ಸಲ್ಲಿ ಕಡಿತ ಕೊಡ್ತಾರೆ, 250 ಡಾಲರ್ ಇದ್ದಿದ್ದನ್ನ 2022ರಲ್ಲಿ 300 ಮಾಡಿದ್ರು. ಮೇಷ್ಟ್ರು ಜೇಬಿಂದ ಖರ್ಚು ಮಾಡ್ತಾರೆ ಅಂತ ಸರ್ಕಾರಕ್ಕೆ ಗೊತ್ತಿದೆ, ಗೊತ್ತಿದ್ದೂ ಶಾಲೆಗೆ ಆ ದುಡ್ಡು ಕೊಡಲ್ಲ. ಇದು ನನಗೆ ಸರಿ ಕಾಣಲ್ಲ.

ಈಗ ಅಕ್ಕನ ವಿಷಯಕ್ಕೆ ಬರೋಣ. ಅವಳಿಗೆ ಏಪ್ರಿಲ್, ಮೇ ಸಂಬಳ ಬರುತ್ತೆ, ರಜೆನೇ ಬರಲ್ಲ. 2023ರಲ್ಲಿ ಮೇ 10ಕ್ಕೆ ವಿಧಾನಸಭೆ ಎಲೆಕ್ಷನ್, 2024ರಲ್ಲಿ ಏಪ್ರಿಲ್ 26ಕ್ಕೆ ತುಮಕೂರಲ್ಲಿ ಲೋಕಸಭೆ ಎಲೆಕ್ಷನ್, ಎರಡೂ ನಡು ಬೇಸಿಗೇಲಿ. ಟ್ರೈನಿಂಗ್, ಬೂತಿನ ಸಾಮಾನು ಇಸ್ಕೊಳ್ಳೋ ಮಸ್ಟರಿಂಗ್, ಹಿಂದಿನ ದಿನವೇ ಇವಿಎಂ ಪೆಟ್ಟಿಗೆ ಹಿಡ್ಕೊಂಡು ಬಸ್ ಹತ್ತಿ ಯಾವುದೋ ಗೊತ್ತಿಲ್ಲದ ಊರಿನ ಶಾಲೇಲಿ ಇಳಿಯೋದು, ರಾತ್ರಿ ಡೆಸ್ಕ್ ಜೋಡಿಸ್ಕೊಂಡು ಮಲಗೋದು, ಟಾಯ್ಲೆಟ್ಟಿಗೆ ನೀರು ಬರುತ್ತಾ ಅಂತ ಮೊದ್ಲು ನೋಡ್ಕೊಳ್ಳೋದು. ಬೆಳಿಗ್ಗೆ ಏಜೆಂಟರ ಮುಂದೆ ಅಣಕು ಮತದಾನ ಮಾಡಿಸಿ, ಸಂಜೆ ಸೀಲ್ ಹಾಕಿ, ಎಷ್ಟು ವೋಟ್ ಬಿತ್ತು ಅಂತ ಲೆಕ್ಕ ಬರೆಯೋ 17ಸಿ ಫಾರಂ ತುಂಬಿ, ಪೆಟ್ಟಿಗೆ ವಾಪಸ್ ಕೊಡೋ ಡಿ-ಮಸ್ಟರಿಂಗ್ ಸೆಂಟರಲ್ಲಿ ಕ್ಯೂ ನಿಂತು ಮನೆ ಸೇರೋಷ್ಟ್ರಲ್ಲಿ ಮಧ್ಯರಾತ್ರಿ. ಬೂತಲ್ಲಿ ಒಬ್ಬ ಅಜ್ಜಿಗೆ ಬೆರಳಿಗೆ ಇಂಕ್ ಹಾಕ್ವಾಗ "ನಿಮ್ ಕೈ ನಡುಗ್ತೈತಲ್ಲ ತಾಯಿ, ಊಟ ಮಾಡಿದ್ರಾ" ಅಂತ ಆ ಅಜ್ಜಿನೇ ಕೇಳಿದ್ರಂತೆ, ಅಕ್ಕ ಅದನ್ನ ಫೋನಲ್ಲಿ ಹೇಳ್ತಾ ಅತ್ತುಬಿಟ್ಲು.

ಎಲೆಕ್ಷನ್ ಇಲ್ದಿದ್ರೆ ಸಮೀಕ್ಷೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ದಸರಾ ರಜೇನ ನುಂಗಿತು, ಅಕ್ಟೋಬರ್ 18ರವರೆಗೂ ಶಾಲೆಗೆ ರಜೆ ಕೊಟ್ಟು ಮೇಷ್ಟ್ರುಗಳನ್ನ ಮನೆ ಮನೆಗೆ ಓಡಾಡಿಸಿದ್ರು. ಶಿಕ್ಷಣ ಹಕ್ಕು ಕಾಯ್ದೆ 27ನೇ ಸೆಕ್ಷನ್ ಮೇಷ್ಟ್ರನ್ನ ಬೇರೆ ಕೆಲಸಕ್ಕೆ ಹಾಕಂಗಿಲ್ಲ ಅನ್ನುತ್ತೆ, ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಎಲೆಕ್ಷನ್ ಇಷ್ಟನ್ನ ಬಿಟ್ಟು. ಆ "ಬಿಟ್ಟು" ಅನ್ನೋದ್ರಲ್ಲೇ ಅವಳ ಬೇಸಿಗೆ ಹೋಗುತ್ತೆ. ಇದರ ಮೇಲೆ ಶಿಕ್ಷಣ ಇಲಾಖೆ ರಜೆ ಇರೋ ಇಲಾಖೆ ಅಂತ ಲೆಕ್ಕ, ಬೇರೆ ಇಲಾಖೆಯೋರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ (ದುಡಿದಿದ್ದಕ್ಕೆ ಸಿಗೋ ಸಂಬಳದ ರಜೆ) ಇದ್ರೆ ಮೇಷ್ಟ್ರಿಗೆ 10. ರಜೇಲಿ ದುಡಿಸಿಕೊಂಡಿದ್ದಕ್ಕೆ ಬದಲಿ ಗಳಿಕೆ ರಜೆ ಕೊಡ್ಬೇಕು ಅಂತ ಸಂಘದೋರು ಪ್ರತಿ ಸಲಾನೂ ಮನವಿ ಕೊಡ್ಬೇಕು.

ಇಲ್ಲಿ ಬೂತಲ್ಲಿ ಕೂರೋದು ಬೇಕು ಅಂತ ಹೆಸರು ಕೊಟ್ಟ ಸಾಮಾನ್ಯ ಜನ, ಅದಕ್ಕೆ ಕೂಲಿ ಕೊಡ್ತಾರೆ, ಅವರಲ್ಲಿ ರಿಟೈರ್ ಆದ ಮೇಷ್ಟ್ರುಗಳೂ ತುಂಬಾ ಜನ ಇರ್ತಾರೆ, ಖುಷಿಯಿಂದ ಬರ್ತಾರೆ. 2020ರ ಸೆನ್ಸಸ್‌ಗೂ ತಾತ್ಕಾಲಿಕವಾಗಿ ಜನರನ್ನ ಕೆಲಸಕ್ಕೆ ತಗೊಂಡ್ರು. ನಮ್ಮಲ್ಲಿ ಓದಿದ ನಿರುದ್ಯೋಗಿಗಳು ಎಷ್ಟು ಜನ ಇದ್ದಾರೆ, ಅವರಿಗೆ ಟ್ರೈನಿಂಗ್ ಕೊಟ್ಟು ಸಮೀಕ್ಷೆ ಕೆಲಸ ಕೊಡೋಕೆ ಏನಡ್ಡಿ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಮನೆ ಮನೆಗೆ ಹೋಗೋದು ಅಂದೆನಲ್ಲ, ನಾನೂ ಹೋಗ್ತೀನಿ. ಇಲ್ಲಿ ಸ್ಕೂಲ್ ಬೋರ್ಡನ್ನ ಜನಾನೇ ವೋಟ್ ಹಾಕಿ ಆರಿಸ್ತಾರೆ, ಬ್ಯಾಲೆಟ್ಟಲ್ಲಿ ಪಕ್ಷದ ಹೆಸರಿರಲ್ಲ, ಸಿಟಿಜನ್ ಆದ್ಮೇಲೆ ನಾನು ಆಗಸ್ಟ್ ಸಂಜೆಗಳಲ್ಲಿ ನನಗೆ ಸರಿ ಅನ್ನಿಸಿದ ಕ್ಯಾಂಡಿಡೇಟ್ ಪರವಾಗಿ ಬಾಗಿಲು ತಟ್ಟಿದ್ದೀನಿ. ಶಾಲೆ ಟೈಮಲ್ಲಿ, ಶಾಲೆ ಈಮೇಲಲ್ಲಿ ಮಾಡಂಗಿಲ್ಲ, ಅದಕ್ಕೆ ಕಾನೂನಿದೆ, ಉಳಿದ ಹೊತ್ತು ನಾನೊಬ್ಬ ಪ್ರಜೆ. ಜಗಳಾನೂ ಆಗುತ್ತೆ, 2022ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಲೈಬ್ರರಿ ಪುಸ್ತಕಗಳ ವಿಷಯಕ್ಕೆ ಬೋರ್ಡ್ ಮೀಟಿಂಗನ್ನೇ ಅರ್ಧಕ್ಕೆ ನಿಲ್ಲಿಸೋ ಪರಿಸ್ಥಿತಿ ಬಂತು. ಆದ್ರೂ ಮೇಷ್ಟ್ರು ಎದ್ದು ನಿಂತು ಮಾತಾಡ್ಬಹುದು. ಅಕ್ಕನೂ ಬೇಸಿಗೆ ಕೊನೇಲಿ ಬಾಗಿಲು ತಟ್ತಾಳೆ, ದಾಖಲಾತಿ ಆಂದೋಲನ ಅಂತ, ಆರು ತುಂಬಿರೋ ಮಕ್ಕಳ ಪಟ್ಟಿ ಅಂಗನವಾಡಿಯಿಂದ ಇಸ್ಕೊಂಡು ಹೋದ್ರೆ "ಕಾನ್ವೆಂಟ್ ವ್ಯಾನು ಬಾಗಿಲಿಗೇ ಬರ್ತದಲ್ಲ ಮಿಸ್ಸೇ" ಅಂತಾರೆ. ಒಬ್ಬ ಹುಡುಗ ಸೇರಿದ್ರೂ ಅವಳಿಗೆ ಹಬ್ಬ. ಮೇ ಕೊನೇಲಿ ಪ್ರಾರಂಭೋತ್ಸವಕ್ಕೆ ಮಾವಿನ ತೋರಣ ಕಟ್ಟಿ ಸಿಹಿ ಮಾಡಿ ಮಕ್ಕಳನ್ನ ಒಳಗೆ ಕರೀತಾರಲ್ಲ, ಅಂಥದ್ದು ಇಲ್ಲಿ ಇಲ್ಲವೇ ಇಲ್ಲ, ಆ ವಿಷಯದಲ್ಲಿ ನಮ್ಮೂರಿನ ರೀತಿನೇ ಮೇಲು ಅಂತ ಧಾರಾಳವಾಗಿ ಹೇಳ್ತೀನಿ.

ಆಟದ ವಿಷಯ. ಇಲ್ಲಿ ಶಾಲೆ ಬಾಗಿಲು ತೆಗೆಯೋ ಮೊದ್ಲೇ ಶುಕ್ರವಾರ ರಾತ್ರಿ ಫುಟ್‌ಬಾಲ್ ಶುರು ಆಗಿರುತ್ತೆ, ಊರಿಗೂರೇ ಬಂದು ಕೂರುತ್ತೆ, ಬ್ಯಾಂಡ್ ಮಕ್ಕಳು ಸೆಕೆಯಲ್ಲಿ ಪೂರ್ತಿ ಯೂನಿಫಾರಂ ಹಾಕ್ಕೊಂಡು ಬೆವರು ಸುರಿಸ್ತಾ ಬಾರಿಸ್ತಾರೆ, ಗೇಟಲ್ಲಿ ಟಿಕೆಟ್ ಹರಿಯೋನು ಕೆಮಿಸ್ಟ್ರಿ ಮೇಷ್ಟ್ರು, ಕೋಚು ಹಿಸ್ಟರಿ ಮೇಷ್ಟ್ರು. ಕೋಚಿಗೆ, ಗೇಟಲ್ಲಿ ನಿಂತೋನಿಗೆ ಬೇರೆ ದುಡ್ಡು ಸಿಗುತ್ತೆ. ಅಕ್ಕನ ಶಾಲೇಲಿ ಪಿಟಿ ಮೇಷ್ಟ್ರು ಪೋಸ್ಟೇ ಇಲ್ಲ. ಅವಳೇ ಸುಣ್ಣದ ಪುಡೀಲಿ ಗೆರೆ ಎಳೆದು ಹುಡುಗೀರಿಗೆ ಖೊಖೊ ಪ್ರಾಕ್ಟೀಸ್ ಮಾಡಿಸಿ, ವಲಯ ಮಟ್ಟದ ಕ್ರೀಡಾಕೂಟಕ್ಕೆ ಟೆಂಪೋ ಬಾಡಿಗೆ ತಾನೇ ಕೊಟ್ಟು ಕರ್ಕೊಂಡ್ ಹೋಗ್ತಾಳೆ. ತಾಲೂಕು ಮಟ್ಟಕ್ಕೆ ಗೆದ್ರೆ ಇನ್ನೊಂದು ಟೆಂಪೋ.

2024ರ ಬೇಸಿಗೆ ಇದನ್ನೆಲ್ಲಾ ನನ್ನ ಕಣ್ಮುಂದೆ ತಂದಿಟ್ಟಿತು. ಆಗಸ್ಟಲ್ಲಿ ಡೆಮಾಕ್ರಟಿಕ್ ಪಕ್ಷದೋರು ಟಿಮ್ ವಾಲ್ಜ್ ಅವರನ್ನ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ರು, ಮಿನೆಸೋಟದ ಮ್ಯಾಂಕೇಟೋ ವೆಸ್ಟ್ ಹೈಸ್ಕೂಲಲ್ಲಿ ಪಾಠ ಹೇಳಿ ಫುಟ್‌ಬಾಲ್ ಅಸಿಸ್ಟೆಂಟ್ ಕೋಚ್ ಆಗಿದ್ದ ಮನುಷ್ಯ. ಶಿಕಾಗೋ ಸಮಾವೇಶದಲ್ಲಿ ಅವರ ಹಳೇ ಆಟಗಾರರು ಜೆರ್ಸಿ ಹಾಕ್ಕೊಂಡು ಸ್ಟೇಜ್ ಹತ್ತಿದ್ರು. ಪಕ್ಷ ಬಿಡಿ, ಅವರು ಸೋತಿದ್ದೂ ಬಿಡಿ, ಶಾಲೆ ತೆಗೆಯೋ ಹೊತ್ತಲ್ಲಿ ನಮ್ಮ ಸ್ಟಾಫ್‌ರೂಮಲ್ಲಿ ಅದೇ ಮಾತು. ನಾನು ಅವರಿಗೆ ಬಸವರಾಜ ಹೊರಟ್ಟಿಯವರ ಕಥೆ ಹೇಳ್ದೆ. ಹುಬ್ಬಳ್ಳಿ ಲ್ಯಾಮಿಂಗ್ಟನ್ ಶಾಲೇಲಿ ದೈಹಿಕ ಶಿಕ್ಷಕರಾಗಿದ್ದೋರು, 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು, 2022ರವರೆಗೆ 8 ಸಲ ಗೆದ್ದು, ಶಿಕ್ಷಣ ಮಂತ್ರಿ ಆಗಿ, ವಿಧಾನ ಪರಿಷತ್ತಿನ ಸಭಾಪತಿ ಆದೋರು. ಪರಿಷತ್ತಲ್ಲಿ ಮೇಷ್ಟ್ರುಗಳಿಗೇ ಅಂತ ಸೀಟು ಇದೆ, 75ರಲ್ಲಿ 7, ಅಂತ ಹೇಳಿದ್ರೆ ಇಲ್ಲಿಯೋರು ನಂಬಲಿಲ್ಲ, ಇಲ್ಲಿ ಅಂಥದ್ದು ಎಲ್ಲೂ ಇಲ್ಲ. ನನಗೂ ಹೆಮ್ಮೆ ಆಯ್ತು.

ಆದ್ರೆ ಅವರಿಗೆ ನಾನು ಹೇಳದೇ ಇದ್ದ ಇನ್ನೊಂದು ವಿಷಯ ಇದೆ, ಅದು ನಮ್ಮೂರೋರೇ ಕೇಳ್ಬೇಕಾದ್ದು. ಅದೇ ವರ್ಷ ಜೂನ್ 3ಕ್ಕೆ, ಶಾಲೆ ಶುರುವಾಗಿ ವಾರ ಕಳೆಯೋದ್ರೊಳಗೆ, ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಎಲೆಕ್ಷನ್ ಆಯ್ತು, ತುಮಕೂರು ಜಿಲ್ಲೆ ಅದರಲ್ಲೇ ಬರುತ್ತೆ. ಹೈಸ್ಕೂಲ್, ಕಾಲೇಜಿನೋರು ವೋಟ್ ಹಾಕಿದ್ರು. ಅಕ್ಕನಿಗೆ ವೋಟಿಲ್ಲ. ಸಂವಿಧಾನದ 171ನೇ ವಿಧಿ ಪ್ರಕಾರ ಸೆಕೆಂಡರಿ ಶಾಲೆಗಿಂತ ಕಮ್ಮಿ ಇಲ್ಲದ ಕಡೆ ಕನಿಷ್ಠ ಮೂರು ವರ್ಷ ಪಾಠ ಹೇಳಿರೋರು ಮಾತ್ರ ಮತದಾರರು. ಎಲ್ಲರ ವೋಟಿಗೆ ಕಾವಲು ಕೂರೋ, ಎಲ್ಲರ ಮನೆ ಲೆಕ್ಕ ಬರ್ಕೊಳ್ಳೋ ಪ್ರೈಮರಿ ಮೇಷ್ಟ್ರು "ಶಿಕ್ಷಕರ" ಕ್ಷೇತ್ರದಲ್ಲಿ ಶಿಕ್ಷಕರೇ ಅಲ್ಲ. ಸರ್ಕಾರಿ ನೌಕರಿ ಅಂತ ಯಾವ ಕ್ಯಾಂಡಿಡೇಟ್ ಪರ ಮಾತಾಡಂಗೂ ಇಲ್ಲ. "ಹೈಸ್ಕೂಲ್ ಸರ್‌ಗಳಿಗೆ ಊಟಕ್ಕೆ ಕರೀತಾರೆ ಕಣೋ, ನಮ್ಮನ್ನ ಯಾರೂ ಕೇಳಲ್ಲ" ಅಂದ್ಲು ಅಕ್ಕ. ಊಟ ಬೇಡ ಬಿಡು ಅಂದೆ, ವೋಟು ಬೇಕಲ್ಲ ಅಂದ್ಲು.

ಇದಕ್ಕೆ ಸಂವಿಧಾನ ತಿದ್ದುಪಡಿನೂ ಬೇಕಿಲ್ಲ, ಪರಿಷತ್ತಿನ ರಚನೆಯನ್ನ ಸಂಸತ್ತು ಕಾನೂನು ಮಾಡಿ ಬದಲಾಯಿಸಬಹುದು ಅಂತ ಅದೇ 171ನೇ ವಿಧಿ ಎರಡನೇ ಖಂಡದಲ್ಲಿದೆ. ಕರ್ನಾಟಕದ ಎಂಪಿಗಳು ಪಕ್ಷ ಮರೆತು ಕೇಳ್ಬೇಕು, ಶಿಕ್ಷಕರ ಸಂಘಗಳು ಗಳಿಕೆ ರಜೆ ಮನವಿ ಜೊತೆಗೆ ಈ ಮನವೀನೂ ಇಡ್ಬೇಕು. 2027ರ ಜನಗಣತಿಗೆ ಮನೆಪಟ್ಟಿ ಮಾಡೋಕೆ ಇಟ್ಟಿರೋ ಅವಧಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಆ ಕೆಲಸಕ್ಕೆ ಹೋಗೋ ಮೇಷ್ಟ್ರುಗಳಿಗೆ ಅಷ್ಟೂ ದಿನದ ಗಳಿಕೆ ರಜೇನ, ಯಾರೂ ಅರ್ಜಿ ಹಿಡ್ಕೊಂಡು ಓಡಾಡದೇ, ಆದೇಶದಲ್ಲೇ ಬರೆದು ಕೊಡ್ಬೇಕು.