ಯಾವ ಪೋರ್ಟಿನಿಂದ ಚಿತ್ರ ಬರುತ್ತದೆಂದು ಹೇಳುವವರೇ ಇಲ್ಲ

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವಷ್ಟು ಸಣ್ಣ ಕೆಲಸಕ್ಕೆ ಕಲಬುರಗಿಯಂಥ ದೊಡ್ಡ ಊರಿನಲ್ಲಿ ಅಂಗಡಿ ಅಂಗಡಿ ಅಲೆಯಬೇಕಾಗಿ ಬಂದಿರುವುದಕ್ಕೆ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿದೆ. ಎಚ್‌ಡಿಎಂಐ ಬಂದು 20 ವರ್ಷ ದಾಟಿದೆ. ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯಬೇಕೆಂದೇ ಅದನ್ನು ತಂದದ್ದು. ಇಷ್ಟಾದರೂ ಲ್ಯಾಪ್‌ಟಾಪಿನ ಯಾವ ಪೋರ್ಟಿನಿಂದ, ಅಂದರೆ ವೈರ್ ಚುಚ್ಚುವ ಕಿಂಡಿಯಿಂದ, ಚಿತ್ರ ಹೊರಗೆ ಬರುತ್ತದೆ, ಯಾವುದರಿಂದ ಬರುವುದಿಲ್ಲ ಎಂಬ ಒಂದು ಮಾತನ್ನು ಎಷ್ಟೋ ಕಂಪನಿಗಳೂ ಬರೆಯುವುದಿಲ್ಲ, ಮಾರುವವರೂ ಹೇಳುವುದಿಲ್ಲ.

ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಭೌತಶಾಸ್ತ್ರದ ವಿಡಿಯೊ ಪಾಠಗಳನ್ನು 14 ಇಂಚಿನ ಪರದೆಯಲ್ಲಿ ದಿಟ್ಟಿಸಿ ನೋಡಿ ಅವಳ ಕಣ್ಣು ಕೆಂಪಗಾಗುತ್ತವೆ, ಎದುರು ಗೋಡೆಯ ಮೇಲೆ 43 ಇಂಚಿನ ಟಿವಿ ಇದೆ. ಹೊಸ ಲ್ಯಾಪ್‌ಟಾಪ್ ತೆಳ್ಳಗಿರಬೇಕೆಂದು ಕಂಪನಿಯವರು ಎಚ್‌ಡಿಎಂಐ ಪೋರ್ಟನ್ನೇ ಕೈಬಿಟ್ಟು, ಅಕ್ಕಪಕ್ಕದಲ್ಲಿ ಎರಡು ಟೈಪ್-ಸಿ ಪೋರ್ಟ್ ಕೊಟ್ಟಿದ್ದಾರೆ. ನೋಡಲು ಅವು ಅವಳಿ ಮಕ್ಕಳಂತಿವೆ. ಆದರೆ ಒಂದರಲ್ಲಿ ಚಾರ್ಜಿಂಗ್ ಮತ್ತು ಚಿತ್ರ ಎರಡೂ ನಡೆಯುತ್ತವೆ, ಇನ್ನೊಂದರಲ್ಲಿ ಡೇಟಾ ಬಿಟ್ಟು ಬೇರೇನೂ ನಡೆಯುವುದಿಲ್ಲ. ಟೈಪ್-ಸಿ ಎಂಬುದು 2014ರಿಂದ ಇರುವ ಒಂದು ಆಕಾರದ ಹೆಸರು ಮಾತ್ರ. ಅದರೊಳಗೆ ಚಿತ್ರ ಒಯ್ಯುವ ಡಿಸ್‌ಪ್ಲೇಪೋರ್ಟ್ ಸಂಕೇತ ಹರಿಯಬೇಕೋ ಬೇಡವೋ ಎಂಬುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಪೋರ್ಟಿನ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕುವ ಕಂಪನಿಗಳೂ ಇವೆ. ನಮ್ಮದರಲ್ಲಿ ಏನೂ ಇಲ್ಲ. ಪೆಟ್ಟಿಗೆಯ ಮೇಲೂ ಇಲ್ಲ.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಕೇಳಿದಾಗ, ಲ್ಯಾಪ್‌ಟಾಪ್ ಯಾವುದು, ಟಿವಿ ಯಾವುದು, ಎಷ್ಟು ಹೊತ್ತು ಹಚ್ಚುತ್ತೀರಿ ಎಂದು ಒಬ್ಬರಾದರೂ ವಿಚಾರಿಸಬೇಕಿತ್ತು. 'ಎಲ್ಲಾದಕ್ಕೂ ಬರ್ತದ, ತಗೋರಿ ಸರ್' ಎಂಬುದೇ ಅವರ ಉತ್ತರ. ಮನೆಗೆ ತಂದು ಹಚ್ಚಿದರೆ ಚಿತ್ರ ಬಂತು, ಆದರೆ ಚಾರ್ಜರ್ ಚುಚ್ಚಲು ಜಾಗವೇ ಉಳಿಯಲಿಲ್ಲ, ಏಕೆಂದರೆ ಅಡಾಪ್ಟರ್ ಕೂತದ್ದು ಆ ಒಂದೇ ಪೋರ್ಟಿನಲ್ಲಿ. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ಚಾರ್ಜರ್ ಹಚ್ಚಲು ಪಕ್ಕದಲ್ಲೇ ಇನ್ನೊಂದು ಕಿಂಡಿಯಿರುವ ಅಡಾಪ್ಟರ್‌ಗಳೂ ಸಿಗುತ್ತವೆಂಬುದು ಆ ಅಂಗಡಿಯವರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಅವರ ಗಾಜಿನ ಕಪಾಟಿನಲ್ಲೇ ಅದು ತೂಗುತ್ತಿತ್ತು.

ಆ ಅಡಾಪ್ಟರಿನ ಪ್ಯಾಕೆಟ್ ಮೇಲೆ, ಅತಿ ಸ್ಪಷ್ಟ ಚಿತ್ರದ ಗುರುತಾದ '4ಕೆ' ಎಂದು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿದೆ. ಅದರ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ '30 ಹರ್ಟ್ಜ್' ಎಂದಿದೆ, ಅಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. 60 ಹರ್ಟ್ಜ್‌ನಲ್ಲಿ 4ಕೆ ಚಿತ್ರ ಒಯ್ಯುವ ಎಚ್‌ಡಿಎಂಐ 2.0 ಬಂದದ್ದು 2013ರಲ್ಲಿ, ಆದರೂ ಹಳೆಯ ಮಟ್ಟದ ಸರಕು ಇಂದಿಗೂ ಇದೇ ದಪ್ಪ ಅಕ್ಷರದ ಹಿಂದೆ ಅಡಗಿ ಮಾರಾಟವಾಗುತ್ತಿದೆ. ಮೌಸ್ ಸರಿಸಿದರೆ ಬಾಣದ ಗುರುತು ತಡೆದು ತಡೆದು ಬರುತ್ತದೆ. ಇದರ ಜೊತೆಗೆ ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ನಾಲ್ಕೂ ಅಂಚು ಕತ್ತರಿಸುತ್ತದೆ, ಸಮೀಕರಣದ ಕೊನೆಯ ಪದವೇ ಕಾಣುವುದಿಲ್ಲ. ಅದನ್ನು ಸರಿಪಡಿಸುವ ಸೆಟ್ಟಿಂಗ್‌ಗೆ ಒಂದು ಕಂಪನಿ 'ಜಸ್ಟ್ ಸ್ಕ್ಯಾನ್' ಎಂದರೆ ಇನ್ನೊಂದು 'ಸ್ಕ್ರೀನ್ ಫಿಟ್' ಎನ್ನುತ್ತದೆ. ಹುಡುಕುವ ಕೆಲಸ ಮಾತ್ರ ನಮ್ಮದು.

ಪಕ್ಕದ ಮನೆಯ ಕಾಕಾ ಅವರಿಗೆ ಆದದ್ದು ಇದಕ್ಕಿಂತ ಅನ್ಯಾಯ. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು 15 ಪಿನ್ನುಗಳ ವಿಜಿಎ, ಅಂದರೆ ಚಿತ್ರ ಕಳಿಸುವ 1987ರ ವ್ಯವಸ್ಥೆ. ಟಿವಿಯಲ್ಲಿ ಎಚ್‌ಡಿಎಂಐ ಬಿಟ್ಟು ಬೇರೆ ಇಲ್ಲ. ಅವರಿಗೆ ಕೊಟ್ಟದ್ದು ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪೆಟ್ಟಿಗೆ, ಅಂದರೆ ಪೂರ್ತಿ ತಿರುಗುಮುರುಗು. ಎರಡೂ ತುದಿಗಳು ವೈರಿನೊಂದಿಗೆ ಸರಿಯಾಗಿ ಕೂರುತ್ತವೆ, ಆದರೆ ಟಿವಿಯಲ್ಲಿ 'ನೋ ಸಿಗ್ನಲ್' ಬಿಟ್ಟು ಬೇರೇನೂ ಬರುವುದಿಲ್ಲ, ಏಕೆಂದರೆ ಅಂಥ ಪೆಟ್ಟಿಗೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ವಿಜಿಎಯಲ್ಲಿ ಧ್ವನಿ ಬರುವುದಿಲ್ಲ, ಅದಕ್ಕೆ ಬೇರೆ ವೈರ್ ಬೇಕು ಎಂಬುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ವಾಪಸ್ ಒಯ್ದಾಗ ಸಿಕ್ಕ ಉತ್ತರ, 'ಪ್ಯಾಕೆಟ್ ಒಡೆದ್ರ ವಾಪಸ್ ತಗೋಳಂಗಿಲ್ರೀ'. ಪ್ಯಾಕೆಟ್ ಒಡೆಯದೆ ಅದು ಬರುತ್ತದೋ ಇಲ್ಲವೋ ಎಂದು ಆ ಹಿರಿಯರು ತಿಳಿಯುವುದಾದರೂ ಹೇಗೆ?

ವೈರೇ ಬೇಡ, ವೈಫೈಯಲ್ಲಿ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಹಾಕಿಯೂ ಆಯಿತು, ಮೇಷ್ಟ್ರ ತುಟಿ ಮುಂದೆ, ಮಾತು ಹಿಂದೆ.

ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಕೊಟ್ಟ ಹಕ್ಕು, ಬಿಲ್ ಕೊಡದಿರುವುದು ಅದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 700 ರೂಪಾಯಿಯ ವಸ್ತುವಿಗಾಗಿ ಕೆಲಸ ಬಿಟ್ಟು ಯಾರೂ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದಿಲ್ಲವೆಂಬ ಧೈರ್ಯದ ಮೇಲೆಯೇ ಈ ವ್ಯಾಪಾರ ನಡೆದಿದೆ. ಚಾರ್ಜ್, ಡೇಟಾ, ಚಿತ್ರ ಎಂಬ ಮೂರು ಪದಗಳನ್ನು ಪೋರ್ಟಿನ ಪಕ್ಕದಲ್ಲಿ ಅಚ್ಚು ಹಾಕಲು ಕಂಪನಿಗಳಿಗೆ ಎಷ್ಟು ಖರ್ಚಾದೀತು? ಕಾಕಾ ಅವರಿಗೆ ಅಂಗಡಿಯವರು ಕೊಡದ ಬಿಲ್ಲಿಗಾಗಿ ನಾಳೆ ನಾನೇ ಅವರ ಜೊತೆ ಅಂಗಡಿಗೆ ಹೋಗುತ್ತೇನೆ, ಕೊಡದಿದ್ದರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ.